ಮೊದಲ ಬಕೆಟ್ಟಿನ ನೀರು

ನಳಕ್ಕೆ ನೀರು ಬಂದ ಕೂಡಲೇ ಕುಡಿಯುವ ಹಂಡೆ ಇಡಬಾರದು. ಮೊದಲ ಬಕೆಟ್ಟು ಬಟ್ಟೆ ನೆನೆಸುವುದಕ್ಕೆ, ಎರಡನೆಯದು ನೆಲ ಒರೆಸುವುದಕ್ಕೆ, ನೀರು ತಿಳಿಯಾದ ಮೇಲೆ ಕುಡಿಯುವುದಕ್ಕೆ. ಕಳವಾ, ಮುಂಬ್ರಾ, ದಿವಾ ಕಡೆಯ ಚಾಳುಗಳಲ್ಲಿ ಸಂಸಾರ ಮಾಡಿದ ಯಾರನ್ನು ಕೇಳಿದರೂ ಈ ನಿಯಮ ಗೊತ್ತು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದವರು (ಎಂಐಡಿಸಿ) ದುರಸ್ತಿಗೆಂದು ಗುರುವಾರ ನಡುರಾತ್ರಿಯಿಂದ ಶುಕ್ರವಾರ ನಡುರಾತ್ರಿಯವರೆಗೆ ನೀರು ನಿಲ್ಲಿಸಿದ ವಾರ ಎರಡು ಬಕೆಟ್ಟು ಚೆಲ್ಲಿದರೂ ಸಾಲದು. ಶನಿವಾರ ಮೊದಲು ಬರುವ ನೀರು ಕಂದು, ಮೂಗಿಗೆ ಹಿಡಿದರೆ ತುಕ್ಕಿನ ವಾಸನೆ.

ಈ ಚಾಳುಗಳಿರುವ ಠಾಣೆಯ ಪಾಲಿಕೆ ವರ್ಷಕ್ಕೊಂದು ವರದಿ ಹೊರಡಿಸುತ್ತದೆ. ನೀರಿನ ಎಷ್ಟು ಮಾದರಿ ಪರೀಕ್ಷಿಸಿದೆವು, ಎಷ್ಟು ಕುಡಿಯಲು ಯೋಗ್ಯ, ಎಷ್ಟು ಅಯೋಗ್ಯ ಎಂಬ ಲೆಕ್ಕ ಅದರಲ್ಲಿರುತ್ತದೆ. ಬಹುಪಾಲು ಮಾದರಿಗಳು ಯೋಗ್ಯವೆಂದೇ ಬರುತ್ತವೆ. ಆದರೂ ಜೂನ್ ಬಂತೆಂದರೆ ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಡುತ್ತದೆ, ಪಕ್ಕದ ಕಟ್ಟಡದಲ್ಲಿ ಯಾರಿಗೋ ಕಾಮಾಲೆ.

ವರದಿಯನ್ನು ನಂಬಬೇಕೋ, ಬಕೆಟ್ಟು ಚೆಲ್ಲುವವರನ್ನು ನಂಬಬೇಕೋ? ಇಬ್ಬರನ್ನೂ ನಂಬಬಹುದು ಎನ್ನುವುದು ನನ್ನ ಉತ್ತರ. ವರದಿ ಒಂದು ಜಾಗದ, ಒಂದು ಹೊತ್ತಿನ ನೀರಿನ ಮಾತು ಆಡುತ್ತಿದೆ. ಬಕೆಟ್ಟು ಇನ್ನೊಂದು ಜಾಗದ, ಇನ್ನೊಂದು ಹೊತ್ತಿನ ಮಾತು ಆಡುತ್ತಿದೆ. ಆ ಎರಡರ ನಡುವೆ ನೆಲದಡಿಯ ಕೊಳವೆಯಲ್ಲಿ ಏನಾಗುತ್ತದೆಂದು ತಿಳಿದರೆ, ಮನೆಯ ನೀರನ್ನು ಎಲ್ಲಿ, ಯಾವಾಗ ಹಿಡಿದು ಪರೀಕ್ಷೆಗೆ ಕೊಡಬೇಕು ಎನ್ನುವುದೂ ತಿಳಿಯುತ್ತದೆ.

ನದಿಯಿಂದ ನಳದವರೆಗೆ

ಠಾಣೆ ಮಹಾನಗರಪಾಲಿಕೆಗೆ ನೀರು ಒಂದೇ ಕಡೆಯಿಂದ ಬರುವುದಿಲ್ಲ. ಪಾಲಿಕೆಯ ಸ್ವಂತ ಯೋಜನೆ ಪಿಸೆಯಲ್ಲಿ ಭಾತ್ಸಾ ನದಿಯ ನೀರೆತ್ತುತ್ತದೆ. ಉಳಿದ ಪಾಲು ಸ್ಟೆಮ್ ಪ್ರಾಧಿಕಾರ, ಮುಂಬಯಿ ಪಾಲಿಕೆ ಮತ್ತು ಎಂಐಡಿಸಿಯದು. ಖಾಡಿಯ ಪೂರ್ವಕ್ಕಿರುವ ಕಳವಾ, ಮುಂಬ್ರಾ, ದಿವಾ ಭಾಗಗಳು ಎಂಐಡಿಸಿ ನೀರನ್ನೇ ಹೆಚ್ಚು ನಂಬಿವೆ. ಬದಲಾಪುರದ ಬಳಿ ಬಾರವಿ ಅಣೆಕಟ್ಟೆಯಲ್ಲಿ ನಿಂತ ಮಳೆನೀರನ್ನು ಉಲ್ಹಾಸ ನದಿಗೆ ಬಿಟ್ಟು, ಕೆಳಗೆ ಎತ್ತಿ, ಜಾಂಭುಳದ ಘಟಕದಲ್ಲಿ ಶುದ್ಧಮಾಡಿ, ದಪ್ಪ ಕೊಳವೆಗಳಲ್ಲಿ ಇತ್ತ ಕಳಿಸುತ್ತಾರೆ. ಕಲ್ಯಾಣ–ಡೊಂಬಿವಲಿ ಪಾಲಿಕೆಯೂ ಅದೇ ಉಲ್ಹಾಸದ ನೀರನ್ನು ಮೋಹಿಲಿ ಮುಂತಾದ ಕಡೆ ತನ್ನದೇ ಘಟಕಗಳಲ್ಲಿ ಶುದ್ಧಮಾಡಿಕೊಳ್ಳುತ್ತದೆ. ನವಿಮುಂಬಯಿಯದು ಬೇರೆ ದಾರಿ. ಅದು 2002ರಲ್ಲಿ ಖಾಲಾಪುರ ಕಡೆಯ ಮೋರ್ಬೆ ಅಣೆಕಟ್ಟೆಯನ್ನೇ ಕೊಂಡುಕೊಂಡಿತು.

ಘಟಕದೊಳಗೆ ನಡೆಯುವುದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಪಟಕದ ಜಾತಿಯ ಲವಣ ಹಾಕಿ ಕೆಸರಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುವಂತೆ ಮಾಡುತ್ತಾರೆ, ಉಳಿದದ್ದನ್ನು ಮರಳಿನ ಹಾಸಿನಲ್ಲಿ ಸೋಸುತ್ತಾರೆ, ಕೊನೆಗೆ ಕ್ಲೋರಿನ್ ಬೆರೆಸುತ್ತಾರೆ. ಘಟಕವೇ ಕೈಕೊಟ್ಟರೆ ಅನಾಹುತವಾಗುವುದು ನಿಜ. 2022ರ ಬೇಸಿಗೆಯ ಕೊನೆಗೆ ರಾಯಚೂರಿನಲ್ಲಿ ನಗರಸಭೆಯ ಕಲುಷಿತ ನೀರು ಕುಡಿದು ಜನ ಸತ್ತಾಗ ರಾಂಪುರದ ಶುದ್ಧೀಕರಣ ಘಟಕದ ಅವ್ಯವಸ್ಥೆ ಬಯಲಾಗಿತ್ತು. ಆದರೆ ಘಟಕ ಸರಿಯಾಗಿ ನಡೆಯುತ್ತಿರುವ ಊರಿನಲ್ಲೂ ನೀರು ಕೆಡುವುದು ಹೇಗೆ ಎಂಬುದೇ ನಮ್ಮ ಒಗಟು.

ವರದಿ ಎಲ್ಲಿದೆ, ಏನು ಹೇಳುತ್ತದೆ

ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆಯ 67-ಎ ಕಲಮಿನ ಪ್ರಕಾರ ಪ್ರತಿ ಪಾಲಿಕೆಯ ಆಯುಕ್ತರು ಹಿಂದಿನ ವರ್ಷದ ಪರಿಸರದ ಸ್ಥಿತಿಗತಿಯ ವರದಿಯನ್ನು ಜುಲೈ 31ರೊಳಗೆ ಪಾಲಿಕೆಯ ಸಭೆಯ ಮುಂದೆ ಇಡಬೇಕು. ಮರಾಠಿಯಲ್ಲಿ ಅದು ‘ಪರ್ಯಾವರಣ ಸ್ಥಿತಿದರ್ಶಕ ಅಹವಾಲ್’. ಠಾಣೆ, ಕಲ್ಯಾಣ–ಡೊಂಬಿವಲಿ, ನವಿಮುಂಬಯಿ ಪಾಲಿಕೆಗಳ ಜಾಲತಾಣದಲ್ಲಿ ಈ ಹೆಸರಿನಿಂದಲೇ ಹುಡುಕಬೇಕು. ‘ಕುಡಿಯುವ ನೀರಿನ ವರದಿ’ ಎಂದು ಹುಡುಕಿದವರು ಸಿಗಲಿಲ್ಲವೆಂದು ಕೈಬಿಡುತ್ತಾರೆ. ಗಾಳಿ, ಸದ್ದು, ಕಸ, ಮರಗಣತಿಯ ಪುಟಗಳ ನಡುವೆ ನೀರಿನ ಪುಟಗಳು ಕೂತಿರುತ್ತವೆ.

ಇನ್ನೊಂದು ವರದಿ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯದು. ಉಲ್ಹಾಸ ನದಿಯ ನೀರನ್ನು ಮಂಡಳಿ ಬದಲಾಪುರ, ಮೋಹನೆ ಮುಂತಾದ ಕಡೆ ನಿಯಮಿತವಾಗಿ ಪರೀಕ್ಷಿಸಿ ಪ್ರಕಟಿಸುತ್ತದೆ. ಇದನ್ನು ಓದಿ ಗಾಬರಿಯಾಗುವವರೂ ಸಮಾಧಾನಪಡುವವರೂ ಇದ್ದಾರೆ. ಇಬ್ಬರೂ ನೆನಪಿಡಬೇಕಾದದ್ದು, ಅದು ಶುದ್ಧಮಾಡುವ ಮುಂಚಿನ ನದಿಯ ನೀರು. ನದಿ ಹೊಲಸಾದಷ್ಟೂ ಘಟಕದ ಕೆಲಸ ಕಠಿಣವಾಗುತ್ತದೆ ಎಂಬುದರ ಹೊರತು ನಮ್ಮ ನಳದ ಬಗ್ಗೆ ಅದು ನೇರವಾಗಿ ಏನೂ ಹೇಳದು.

ವರದಿಗಳಲ್ಲಿ ಬರುವ ‘ಐಎಸ್ 10500’ ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಹಾಕಿಕೊಟ್ಟ ಅಳತೆಗೋಲು. 2012ರಲ್ಲಿ ಅದನ್ನು ಎರಡನೇ ಸಲ ಪರಿಷ್ಕರಿಸಿದರು. ಅದೇ ಬ್ಯೂರೋ 2019ರ ನವೆಂಬರಿನಲ್ಲಿ ದೆಹಲಿಯೂ ಸೇರಿ ರಾಜಧಾನಿ ನಗರಗಳ ನಳದ ನೀರಿನ ಪರೀಕ್ಷೆಯ ಫಲಿತಾಂಶ ಹೊರಡಿಸಿದಾಗ ಮುಂಬಯಿಯಿಂದ ತಂದ ಎಲ್ಲ ಹತ್ತು ಮಾದರಿಗಳೂ ತೇರ್ಗಡೆಯಾಗಿದ್ದವು, ಬೆಂಗಳೂರಿನ ಒಂದೂ ಆಗಿರಲಿಲ್ಲ. ಮುಂಬಯಿ ಸೀಮೆಯ ನಾವು ಹೆಮ್ಮೆಪಟ್ಟೆವು. ಆದರೆ ಒಂದು ಮಹಾನಗರಕ್ಕೆ ಹತ್ತು ಬಾಟಲಿ! ಆ ಹತ್ತು ನಳಗಳಲ್ಲಿ ಆ ಹೊತ್ತು ನೀರು ಚೆನ್ನಾಗಿತ್ತು ಎಂಬಷ್ಟು ಮಾತ್ರ ಅದರಿಂದ ಖಚಿತ. ಖಾಡಿ ದಾಟಿ ಈಚೆಗಿರುವ, ಬೇರೆ ಪಾಲಿಕೆಯ, ಬೇರೆ ನದಿಯ ನೀರು ಕುಡಿಯುವ ಕಳವಾಕ್ಕೆ ಆ ಹೆಮ್ಮೆಯಲ್ಲಿ ಪಾಲಿಲ್ಲ.

ಕೊಳವೆಯ ಹಿಂಹೀರು

ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ತುದಿ ಕೊಳಕು ನೀರಿನ ಬಕೆಟ್ಟಿನಲ್ಲಿ ಮುಳುಗಿದೆ ಎಂದಿಟ್ಟುಕೊಳ್ಳಿ. ನೀರು ಹರಿಯುತ್ತಿರುವಾಗ ಅಪಾಯವಿಲ್ಲ. ಮುಖ್ಯ ಕೊಳವೆಯಲ್ಲಿ ನೀರು ನಿಂತು, ಕೆಳಗಿನ ಮನೆಯವರು ತಮ್ಮ ನಳ ತಿರುಗಿಸಿದರೆ, ಬಕೆಟ್ಟಿನ ನೀರು ಪೈಪಿನ ಮೂಲಕ ಹಿಂದಕ್ಕೆ ಹೋಗುತ್ತದೆ. ಯಾರೂ ಪಂಪು ಹಾಕಬೇಕಿಲ್ಲ. ಕೊಳವೆಯೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾದ ಕ್ಷಣ, ಹೊರಗಿನದು ಒಳಗೆ ನುಗ್ಗುತ್ತದೆ. ಇದನ್ನು ‘ಹಿಂಹೀರು’ ಎನ್ನೋಣ.

ನೆಲದಡಿಯ ಹಳೆಯ ಕೊಳವೆಗೆ ತುಕ್ಕಿನ ತೂತು, ಸಡಿಲಾದ ಜೋಡಣೆ, ಕದ್ದು ಕೊರೆದ ಸಂಪರ್ಕ, ಹೀಗೆ ಸೋರುವ ಬಾಯಿಗಳು ನೂರಾರು. ನೀರು ರಭಸದಿಂದ ಬರುತ್ತಿರುವಾಗ ಈ ಬಾಯಿಗಳಿಂದ ಒಳ್ಳೆಯ ನೀರು ಹೊರಗೆ ಹೋಗುತ್ತದೆ, ಸುತ್ತಲ ಮಣ್ಣು ನೆನೆಯುತ್ತದೆ. ಪಕ್ಕದಲ್ಲೇ ಗಟಾರವಿದ್ದರೆ ಅದರ ನೀರೂ ಆ ಮಣ್ಣಿಗಿಳಿಯುತ್ತದೆ. ಸರದಿ ಮುಗಿದು ವಾಲ್ವ್ ಮುಚ್ಚಿದ ಮೇಲೆ ಕೊಳವೆಯ ನೀರು ತಗ್ಗಿನ ಕಡೆಗೆ ಜಾರುತ್ತದೆ, ತಗ್ಗಿನವರು ನಳ ಬಿಟ್ಟುಕೊಂಡು ಹಿಡಿಯುತ್ತಾರೆ, ಎತ್ತರದ ಭಾಗದ ಕೊಳವೆ ಬರಿದಾಗುತ್ತದೆ. ಬರಿದಾಗುವಾಗ ಅದೇ ಬಾಯಿಗಳಿಂದ ಮಣ್ಣಿನ ನೀರನ್ನು ಎಳೆದುಕೊಳ್ಳುತ್ತದೆ. ಹತ್ತು ಮೀಟರ್ ಎತ್ತರದ ನೀರಿನ ಕಂಬ ನಮ್ಮ ತಲೆಯ ಮೇಲಿನ ಇಡೀ ವಾತಾವರಣದ ಒತ್ತಡಕ್ಕೆ ಸಮ. ಅಂದರೆ ಮೂರಂತಸ್ತಿನ ಎತ್ತರದಷ್ಟು ನೀರು ಕೆಳಕ್ಕೆ ಜಾರಿದರೆ ಉಂಟಾಗುವ ಎಳೆತ ಸಣ್ಣದಲ್ಲ. ಕಳವಾದಲ್ಲಿ ನೆಲ ಸಮತಟ್ಟಲ್ಲ. ಪಾರ್ಸಿಕ್ ಗುಡ್ಡದ ಮೈಯಲ್ಲಿ ಭಾಸ್ಕರ ನಗರ, ಘೋಲಾಯಿ ನಗರದಂಥ ವಸತಿಗಳಿವೆ, ಇತ್ತ ಖಾಡಿಯ ಮಟ್ಟದಲ್ಲಿ ಸ್ಟೇಷನ್ ಪಕ್ಕದ ಕಟ್ಟಡಗಳಿವೆ. ಇಂಥ ಊರಿನಲ್ಲಿ ಎತ್ತರದವರ ಕೊಳವೆ ಮೊದಲು ಬರಿದಾಗುತ್ತದೆ, ಕೊನೆಗೆ ತುಂಬುತ್ತದೆ. ಅದರ ಮೇಲೆ, ಒತ್ತಡ ಸಾಲದೆಂದು ಕೆಲವರು ಮುಖ್ಯ ಕೊಳವೆಗೇ ಮೋಟರು ಹಾಕಿ ಎಳೆಯುತ್ತಾರೆ. ಆ ಮೋಟರು ನೀರನ್ನಷ್ಟೇ ಎಳೆಯುವುದಿಲ್ಲ. ಅಕ್ಕಪಕ್ಕದ ಎಲ್ಲ ತೂತುಗಳ ಹೊರಗಿರುವುದನ್ನೂ ಎಳೆಯುತ್ತದೆ. ನೆರೆಯವರ ಮಕ್ಕಳ ಆರೋಗ್ಯಕ್ಕೆ ಇಷ್ಟು ನೇರವಾಗಿ ಹಾನಿಮಾಡುವ ಇನ್ನೊಂದು ಗೃಹೋಪಯೋಗಿ ಸಾಧನ ನನಗೆ ತೋಚದು.

ಮತ್ತೆ ನೀರು ಬಿಟ್ಟಾಗ ಮುನ್ನುಗ್ಗುವ ಮೊದಲ ಅಲೆ ಈ ಒಳಬಂದ ಕೊಳೆಯನ್ನೂ, ಕೊಳವೆಯ ಒಳಮೈಗೆ ಅಂಟಿದ ಲೋಳೆಯನ್ನೂ ತುಕ್ಕನ್ನೂ ಕಿತ್ತು ತರುತ್ತದೆ. ಮೊದಲ ಬಕೆಟ್ಟಿನ ನೀರು ಇದು.

ಇದು ಊಹೆಯಲ್ಲ, ಅಳೆದು ನೋಡಿದ ಸಂಗತಿ; ಅಳೆದದ್ದು ನಮ್ಮ ಹುಬ್ಬಳ್ಳಿ–ಧಾರವಾಡದಲ್ಲಿ. ಅಲ್ಲಿ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಬರುವ ವ್ಯವಸ್ಥೆ ಮಾಡಿದಾಗ ಉಳಿದ ಊರಿಗೆ ಹಲವು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಒಂದೇ ಊರಿನಲ್ಲಿ ಎರಡೂ ಬಗೆ ಸಿಕ್ಕಿದ್ದರಿಂದ ಹೋಲಿಸಿ ನೋಡುವ ಅವಕಾಶವಾಯಿತು. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ಸಂಶೋಧಕರು ಒಂದು ವರ್ಷ ಕಾಲ ಸಂಗ್ರಹಾಗಾರ, ನಳ ಮತ್ತು ಮನೆಯ ಕೊಡ, ಮೂರೂ ಕಡೆಯ ನೀರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಸಂಗ್ರಹಾಗಾರದಲ್ಲಿ ಎರಡೂ ನೀರಿನ ಗುಣ ಹೆಚ್ಚುಕಡಿಮೆ ಒಂದೇ ಇತ್ತು. ನಳಕ್ಕೆ ಬರುವಷ್ಟರಲ್ಲಿ ಚಿತ್ರ ಬದಲಾಯಿತು. ಸದಾ ನೀರಿರುವ ಕಡೆ ಶೇ 0.7ರಷ್ಟು ಮಾದರಿಗಳಲ್ಲಿ ಮಾತ್ರ ಮಲದ ಸುಳಿವು ಸಿಕ್ಕಿತು. ಬಿಟ್ಟು ಬಿಟ್ಟು ಬರುವ ಕಡೆ ಶೇ 31.7ರಷ್ಟು ಮಾದರಿಗಳಲ್ಲಿ. ಬಿಟ್ಟು ಬಿಟ್ಟು ಬರುವ ನೀರು ಮಳೆಗಾಲದಲ್ಲಿ ಇನ್ನೂ ಕೆಟ್ಟಿತು. ಮಣ್ಣು ನೆನೆದಿರುವಾಗ ಹಿಂಹೀರಿಗೆ ಸಿಗುವ ಹೊಲಸು ಹೆಚ್ಚು ಎಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಇದೇ ಅವಳಿ ನಗರದಲ್ಲಿ ಸುಮಾರು ನಾಲ್ಕು ಸಾವಿರ ಮನೆಗಳನ್ನು ಗಮನಿಸಿ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೇಳಿದ್ದು ಅಷ್ಟು ಸರಳವಾಗಿಲ್ಲ. ಸದಾ ನೀರು ಬರುವ ಮನೆಗಳ ಪುಟ್ಟ ಮಕ್ಕಳಲ್ಲೂ ಒಟ್ಟಾರೆ ಭೇದಿ ಕಡಿಮೆಯಾಗಿರಲಿಲ್ಲ. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ, ಒಟ್ಟಾರೆ ಮನೆಗಳಲ್ಲಿ ಟೈಫಾಯ್ಡ್ ಕಡಿಮೆಯಾಗಿದ್ದವು. ಭೇದಿಗೆ ನೀರಲ್ಲದೆ ಬೇರೆ ದಾರಿಗಳೂ ಉಂಟು.

ಕುಂಪೆಲ್–ನೆಲ್ಸನ್ ಅಧ್ಯಯನದ ಮೂರನೆಯ ಮಾತನ್ನು ಜನ ಮರೆಯುತ್ತಾರೆ. ಸದಾ ನೀರು ಬರುವ ಮನೆಗಳಲ್ಲೂ ಹೆಚ್ಚಿನವರು ಹಳೆಯ ರೂಢಿಯಂತೆ ಕೊಡ ತುಂಬಿಡುತ್ತಿದ್ದರು. ಕೊಡದ ನೀರು ನಳದ ನೀರಿಗಿಂತ ಕೆಟ್ಟಿತ್ತು.

ದಾರಿಬುತ್ತಿ

ಘಟಕದಲ್ಲೇ ರೋಗಾಣುಗಳನ್ನೆಲ್ಲ ಕೊಂದ ಮೇಲೆ ನೀರಿನಲ್ಲಿ ಇನ್ನಷ್ಟು ಕ್ಲೋರಿನ್ ಉಳಿಸಿ ಕಳಿಸುವುದೇಕೆ? ದೂರದ ಊರಿಗೆ ಹೊರಟವರಿಗೆ ಅಮ್ಮ ಕಟ್ಟಿಕೊಡುವ ಬುತ್ತಿಯ ಲೆಕ್ಕ ಇದು. ದಾರಿ ಉದ್ದವಾದಷ್ಟೂ ಬುತ್ತಿ ಕರಗುತ್ತದೆ. ನಡುವೆ ಕರೆಯದ ಅತಿಥಿಗಳು ಸೇರಿಕೊಂಡರೆ ಬೇಗ ಖಾಲಿಯಾಗುತ್ತದೆ. ಊರು ಮುಟ್ಟಿದಾಗ ಬುತ್ತಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿದರೆ ದಾರಿಯಲ್ಲಿ ಏನಾಯಿತೆಂದು ಊಹಿಸಬಹುದು.

ನಳದ ನೀರಿನಲ್ಲಿ ಹೀಗೆ ಉಳಿದದ್ದೇ ಉಳಿಕೆ ಕ್ಲೋರಿನ್. ಮಾನಕದ ಪ್ರಕಾರ ಬಳಕೆದಾರರ ತುದಿಯಲ್ಲಿ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಹೊಲಸು ಒಳನುಗ್ಗಿದ ಕಡೆ ಕ್ಲೋರಿನ್ ಆ ಹೊಲಸಿನೊಂದಿಗೆ ವರ್ತಿಸಿ ಮುಗಿದುಹೋಗುತ್ತದೆ. ಹಾಗಾಗಿ ನಿನ್ನೆಯವರೆಗೆ ಇದ್ದ ಕ್ಲೋರಿನ್ ಇಂದು ಸೊನ್ನೆಯಾಗಿದ್ದರೆ ಹತ್ತಿರದಲ್ಲೆಲ್ಲೋ ಏನೋ ಒಳಗೆ ಬರುತ್ತಿದೆ ಎಂದು ಶಂಕಿಸಬೇಕು. ಪಾಲಿಕೆಯ ನೌಕರರು ಮಾಡುವ ‘ಓಟಿ ಟೆಸ್ಟ್’ ಇದನ್ನೇ ನೋಡುತ್ತದೆ: ನೀರಿಗೆ ಹನಿ ಹಾಕಿದರೆ ಹಳದಿ, ಕ್ಲೋರಿನ್ ಹೆಚ್ಚಿದಷ್ಟೂ ಗಾಢ. ಈಗ ಹೆಚ್ಚು ನಂಬಿಕೆಯದು ಡಿಪಿಡಿ ಎಂಬ ಪುಡಿ ಅಥವಾ ಮಾತ್ರೆ; ಅದು ಗುಲಾಬಿ ಬಣ್ಣ ತರುತ್ತದೆ. ಬಣ್ಣವನ್ನು ಜೊತೆಗಿರುವ ಪಟ್ಟಿಗೆ ಹಿಡಿದು ನೋಡಿದರೆ ಆಯಿತು. ಪ್ರಯೋಗಾಲಯದ ಸಾಮಾನು ಮಾರುವವರಲ್ಲಿ ಇದರ ಕಿಟ್ ಸಿಗುತ್ತದೆ. ಈಜುಕೊಳದ ಕಿಟ್ಟು ತಂದರೆ 0.2ರಷ್ಟು ಸಣ್ಣ ಅಳತೆ ತೋರಿಸುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಪರೀಕ್ಷಿಸಿದ ನೀರನ್ನು ಮೋರಿಗೆ ಚೆಲ್ಲಬೇಕು; ಆ ರಾಸಾಯನಿಕಗಳು ಹೊಟ್ಟೆಗೆ ಹೋಗಬಾರದು.

ಸೊಸೈಟಿಯಲ್ಲಿರುವವರು ಒಂದೇ ಕಡೆ ನೋಡಿ ಸುಮ್ಮನಾಗಬಾರದು. ಪಾಲಿಕೆಯ ಕೊಳವೆ ಗೇಟಿನೊಳಗೆ ಬರುವ ಜಾಗ, ನೆಲದಡಿಯ ಟಾಕಿ, ತಾರಸಿಯ ಟಾಕಿಯಿಂದ ಅಡುಗೆಮನೆಗಿಳಿಯುವ ನಳ, ಈ ಮೂರೂ ಕಡೆ ಅದೇ ಬೆಳಿಗ್ಗೆ ನೋಡಬೇಕು. ಗೇಟಿನಲ್ಲೇ ಕ್ಲೋರಿನ್ ಇಲ್ಲವೆಂದರೆ ಪಾಲಿಕೆಗೆ ದೂರು. ಗೇಟಿನಲ್ಲಿ ಇದ್ದು ಕೆಳಗಿನ ಟಾಕಿಯಲ್ಲಿ ಥಟ್ಟನೆ ಇಲ್ಲವಾದರೆ ಟಾಕಿಯ ಗೋಡೆ ಬಿರುಕು ಬಿಟ್ಟಿದೆಯೇ, ಒಳಚರಂಡಿಯ ಚೇಂಬರ್ ಪಕ್ಕದಲ್ಲಿದೆಯೇ ನೋಡಬೇಕು. ಮೇಲಿನ ಟಾಕಿಯಲ್ಲಿ ಮಾತ್ರ ಇಲ್ಲವಾದರೆ ಬಿಸಿಲಿಗೆ, ಹೊತ್ತಿಗೆ ಕರಗಿರಲೂಬಹುದು, ಮುಚ್ಚಳವಿಲ್ಲದೆ ಪಾರಿವಾಳದ ಹಿಕ್ಕೆ ಬಿದ್ದಿರಲೂಬಹುದು. ಮೇಲೆ ಹತ್ತಿ ನೋಡದೆ ಗೊತ್ತಾಗದು. ಕಟ್ಟಡದ ಒಂದು ಸಣ್ಣ ಕಿಟ್ಟಿನಿಂದ ಇಷ್ಟು ಪತ್ತೆಯಾಗುತ್ತದೆ ಎಂಬ ಕಾರಣಕ್ಕೆ, ದುಬಾರಿ ಪರೀಕ್ಷೆಗಳ ಪಟ್ಟಿ ಹಿಡಿದು ಬರುವವರಿಗೆಲ್ಲ ನಾನು ಮೊದಲು ಇದನ್ನೇ ಹೇಳುತ್ತೇನೆ.

ಟಿಡಿಎಸ್ ಮೀಟರು ಏನು ಹೇಳದು

ಮನೆಬಾಗಿಲಿಗೆ ಬರುವ ಫಿಲ್ಟರ್ ಮಾರಾಟಗಾರರ ಕೈಯಲ್ಲಿ ಪೆನ್ನಿನಂಥ ಮೀಟರ್ ಇರುತ್ತದೆ. ನೀರಿನಲ್ಲಿ ಅದ್ದಿದರೆ ಒಂದು ಅಂಕಿ. ಅದು ನೀರು ಎಷ್ಟರಮಟ್ಟಿಗೆ ವಿದ್ಯುತ್ತನ್ನು ಹಾಯಿಸುತ್ತದೆ ಎಂದು ಅಳೆದು, ಕರಗಿದ ಲವಣ ಎಷ್ಟಿದ್ದೀತು ಎಂದು ಅಂದಾಜು ಮಾಡುತ್ತದೆ. ಮಾನಕ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಬೇರೆ ನೀರೇ ಇಲ್ಲದ ಕಡೆ 2000ದವರೆಗೆ. ಸಹ್ಯಾದ್ರಿಯ ಮಳೆನೀರು ಕರಿಕಲ್ಲಿನ ಮೇಲೆ ಹರಿದು ಅಣೆಕಟ್ಟೆ ಸೇರುವ ಈ ಸೀಮೆಯಲ್ಲಿ ನಳದ ನೀರಿನ ಅಂಕಿ ಸಾಮಾನ್ಯವಾಗಿ 500ಕ್ಕಿಂತ ಬಹಳ ಕೆಳಗೇ ಇರುತ್ತದೆ. ಲವಣ ತೆಗೆಯುವ ಆರ್‌ಒ ಯಂತ್ರಕ್ಕೆ ಇಲ್ಲಿ ಹೆಚ್ಚು ಕೆಲಸವಿಲ್ಲ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರ್ಕಾರಕ್ಕೆ ಹೇಳಿದ್ದು, ಆ ಯಂತ್ರ ಶುದ್ಧ ನೀರಿನ ಜೊತೆಗೆ ಬಹಳಷ್ಟು ನೀರನ್ನು ಮೋರಿಗೆ ಬಿಡುತ್ತದೆ ಎಂಬ ಕಾರಣಕ್ಕೆ.

ಮುಖ್ಯವಾಗಿ, ಗಟಾರದ ಒಂದು ಚಮಚ ನೀರು ಕೊಡಕ್ಕೆ ಬಿದ್ದರೆ ಮೀಟರಿನ ಅಂಕಿ ಕಣ್ಣಿಗೆ ಕಾಣುವಷ್ಟು ಬದಲಾಗುವುದಿಲ್ಲ. ಕಾಯಿಲೆ ತರಲು ಆ ಒಂದು ಚಮಚ ಸಾಕು.

ಮಾರಾಟಗಾರರಲ್ಲಿ ಕೆಲವರು ಇನ್ನೊಂದು ಆಟ ತೋರಿಸುತ್ತಾರೆ. ಎರಡು ಗಾಜಿನ ಲೋಟ, ಒಂದರಲ್ಲಿ ನಳದ ನೀರು, ಇನ್ನೊಂದರಲ್ಲಿ ಯಂತ್ರದ ನೀರು. ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ ಹಾಯಿಸುತ್ತಾರೆ. ನಳದ ನೀರಿನಲ್ಲಿ ಕಂದು ಗಸಿ ಏಳುತ್ತದೆ, ಇನ್ನೊಂದು ತಿಳಿಯಾಗಿಯೇ ಉಳಿಯುತ್ತದೆ. ನೋಡಿದವರ ಎದೆ ಧಸಕ್ಕೆನ್ನುತ್ತದೆ. ಆ ಗಸಿ ನೀರಿನದಲ್ಲ, ಕಡ್ಡಿಯದು. ವಿದ್ಯುತ್ ಹರಿದಾಗ ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ವಿದ್ಯುತ್ ಹರಿಯಲು ನೀರಿನಲ್ಲಿ ಲವಣ ಬೇಕು; ಯಂತ್ರದ ನೀರಿನಲ್ಲಿ ಅದನ್ನು ತೆಗೆದಿರುವುದರಿಂದ ಏನೂ ಆಗುವುದಿಲ್ಲ. ಆ ತಿಳಿನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೊಮ್ಮೆ ತೋರಿಸಿ ಎಂದು ಅವರನ್ನೇ ಕೇಳಿ. ಅದೂ ಕಂದಾಗುತ್ತದೆ.

ಮೀಟರಿಗೆ ಒಂದು ಒಳ್ಳೆಯ ಉಪಯೋಗವಿದೆ. ಕಟ್ಟಡದಲ್ಲಿ ಫ್ಲಶ್ಶಿಗೆಂದು ಬೋರ್‌ವೆಲ್ ಇದ್ದು, ಖಾಡಿಯ ಹತ್ತಿರವಾದ್ದರಿಂದ ಅದರ ನೀರು ಉಪ್ಪಾಗಿದ್ದರೆ, ಅಡುಗೆಮನೆಯ ನಳದಲ್ಲಿ ಅಂಕಿ ಇದ್ದಕ್ಕಿದ್ದಂತೆ ಏರಿದಾಗ ಎರಡು ಕೊಳವೆ ಎಲ್ಲೋ ಕೂಡಿಕೊಂಡಿವೆ ಎಂದು ಗೊತ್ತಾಗುತ್ತದೆ.

ಸುಳಿವುಜೀವಿ ಮತ್ತು ಕಪ್ಪಾಗುವ ಬಾಟಲಿ

ಟೈಫಾಯ್ಡ್, ಕಾಲರಾ, ಆಮಶಂಕೆ, ಕಾಮಾಲೆ, ಪ್ರತಿಯೊಂದರ ರೋಗಾಣುವನ್ನೂ ನೀರಿನಲ್ಲಿ ಹುಡುಕುವುದು ಆಗದ ಮಾತು. ಅವು ವಿರಳ, ಇಂದು ಇದ್ದು ನಾಳೆ ಇಲ್ಲದಿರಬಹುದು. ಅದಕ್ಕೆ ವಿಜ್ಞಾನಿಗಳು ಬೇರೆ ಪ್ರಶ್ನೆ ಕೇಳಿದರು: ಈ ನೀರಿಗೆ ಮಲ ಸೇರಿದೆಯೇ? ಎಲ್ಲ ಮನುಷ್ಯರ ಕರುಳಿನಲ್ಲೂ, ಆರೋಗ್ಯವಂತರಲ್ಲೂ, ಅಪಾರ ಸಂಖ್ಯೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಾ ಒಂದಿದೆ. 1885ರಲ್ಲಿ ಥಿಯೊಡೋರ್ ಎಶೆರಿಷ್ ಎಂಬ ಮಕ್ಕಳ ವೈದ್ಯರು ಅದನ್ನು ಗುರುತಿಸಿದ್ದರಿಂದ ಎಶೆರಿಕಿಯಾ ಕೋಲಿ, ಅಂದರೆ ಇ. ಕೋಲಿ ಎಂಬ ಹೆಸರು. ಅದರ ಬಹುಪಾಲು ತಳಿಗಳು ನಿರುಪದ್ರವಿ. ಆದರೆ ಅದು ನೀರಿನಲ್ಲಿದ್ದರೆ ಮಲ ಸೇರಿತೆಂದೇ ಅರ್ಥ, ಮಲ ಸೇರಿದಲ್ಲಿ ರೋಗಾಣುವೂ ಬರಬಹುದು. ಹಾಗಾಗಿ ಅದು ನಮ್ಮ ಸುಳಿವುಜೀವಿ. 100 ಮಿಲಿಲೀಟರ್ ನೀರಿನಲ್ಲಿ ಅದು ಒಂದೂ ಇರಕೂಡದು ಎನ್ನುತ್ತದೆ ಮಾನಕ. ಇಲ್ಲೊಂದು ಎಚ್ಚರಿಕೆ: ಕಾಮಾಲೆ ತರುವ ವೈರಸ್ಸುಗಳು ಕ್ಲೋರಿನ್ನಿಗೆ ಇ. ಕೋಲಿಗಿಂತ ಗಟ್ಟಿ. ಸುಳಿವುಜೀವಿ ಸಿಗದಿದ್ದರೂ ಅವು ಇರುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ವೈರಸ್ಸಿನ ಭಯವಿರುವಾಗ ಉಳಿಕೆ ಕ್ಲೋರಿನ್ 0.5 ಇರಬೇಕೆಂದು ಮಾನಕ ಕೇಳುವುದು ಇದಕ್ಕಾಗಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಭಾರತೀಯರೇ ರೂಪಿಸಿದ್ದಾರೆ. 1982ರಲ್ಲಿ ಮಾಂಜಾ, ಮೌರ್ಯ, ರಾವ್ ಎಂಬ ಮೂವರು ವಿಜ್ಞಾನಿಗಳು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅದನ್ನು ವಿವರಿಸಿದರು. ಕರುಳಿನ ಜೀವಿಗಳ ಜೊತೆಗಿರುವ ಹಲವು ಬ್ಯಾಕ್ಟೀರಿಯಾಗಳು ಗಂಧಕದ ಲವಣವನ್ನು ತಿಂದು ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಿಡುತ್ತವೆ. ಬಾಟಲಿಯಲ್ಲಿ ಆ ಲವಣವನ್ನೂ ಕಬ್ಬಿಣದ ಲವಣವನ್ನೂ ಇಟ್ಟಿರುತ್ತಾರೆ. ಅನಿಲ ಹುಟ್ಟಿದರೆ ಅದು ಕಬ್ಬಿಣದೊಂದಿಗೆ ಕೂಡಿ ನೀರು ಕಪ್ಪಾಗುತ್ತದೆ. ನೀರು ತುಂಬಿ, ಮುಚ್ಚಿ, ಒಂದೆರಡು ದಿನ ಬೆಚ್ಚಗಿನ ಕಡೆ ಇಟ್ಟರೆ ಮುಗಿಯಿತು. ಕೊಂಕಣದ ಸೆಕೆಗೆ ಬೇರೆ ಶಾಖ ಬೇಡ. ಕಪ್ಪಾದರೆ ಪ್ರಯೋಗಶಾಲೆಗೆ ಹೋಗಿ. ಕಪ್ಪಾಗದಿದ್ದರೆ ನಿಶ್ಚಿಂತೆಯೆಂದಲ್ಲ, ಆ ಬಾಟಲಿಯ ನೀರಿನಲ್ಲಿ ಸುಳಿವು ಸಿಗಲಿಲ್ಲ ಎಂದಷ್ಟೇ.

ಬಾಟಲಿ ತುಂಬುವುದೂ ಪರೀಕ್ಷೆಯ ಭಾಗ

ಪ್ರಯೋಗಶಾಲೆಯವರು ಕೊಡುವ ಸೋಂಕುರಹಿತ ಬಾಟಲಿಯ ತಳದಲ್ಲಿ ಸ್ವಲ್ಪ ಪುಡಿ ಅಥವಾ ದ್ರವ ಕಂಡರೆ ತೊಳೆದುಬಿಡಬೇಡಿ. ಅದು ಥಯೋಸಲ್ಫೇಟ್. ನೀರಿನಲ್ಲಿರುವ ಕ್ಲೋರಿನ್ನನ್ನು ಆ ಕ್ಷಣವೇ ನಿಷ್ಕ್ರಿಯಗೊಳಿಸುತ್ತದೆ. ಅದಿಲ್ಲದಿದ್ದರೆ ಲೋಕಲ್ ಟ್ರೇನಿನಲ್ಲಿ ಬಾಟಲಿ ಹೋಗುವ ಹೊತ್ತಿನಲ್ಲೂ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತಲೇ ಇದ್ದು, ನೀವು ಕುಡಿದ ನೀರಿಗಿಂತ ಒಳ್ಳೆಯ ನೀರು ಪ್ರಯೋಗಶಾಲೆಗೆ ಮುಟ್ಟುತ್ತದೆ. ನಳದ ಬಾಯನ್ನು ಸ್ಪಿರಿಟ್ಟಿನಿಂದ ಒರೆಸಿ, ಮುಚ್ಚಳದ ಒಳಗೆ ಬೆರಳು ತಾಗಿಸದೆ, ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿ, ಮಂಜುಗಡ್ಡೆಯ ಜೊತೆ ಇಟ್ಟು, ಆದಷ್ಟು ಆರು ಗಂಟೆಯೊಳಗೆ ತಲುಪಿಸಬೇಕು. ಲವಣ, ಲೋಹಗಳ ಪರೀಕ್ಷೆಗೆ ಬೇರೆ ಬಾಟಲಿ.

ನಿಯಮದ ಪ್ರಕಾರ ಮಾದರಿ ಹಿಡಿಯುವ ಮುಂಚೆ ನಳವನ್ನು ಎರಡು ಮೂರು ನಿಮಿಷ ಬಿಡಬೇಕು. ಕೊಳವೆಯ ನೀರಿನ ಗುಣ ತಿಳಿಯಲು ಅದು ಸರಿಯಾದ ಕ್ರಮವೇ. ಆದರೆ ಹಿಂಹೀರಿನ ಕೊಳೆ ಹರಿದುಹೋಗುವುದು ಆ ನಿಮಿಷಗಳಲ್ಲೇ! ಆದ್ದರಿಂದ ಮನೆಯವರು ಎರಡು ಬಾಟಲಿ ಕೇಳಿಕೊಂಡು ಬರಬೇಕು: ಸರದಿಯ ನೀರು ಬಂದೊಡನೆ ಒಂದು, ಕಾಲು ಗಂಟೆಯ ನಂತರ ಇನ್ನೊಂದು, ಬಾಟಲಿಯ ಮೇಲೆ ಗಂಟೆ ಬರೆದು. ಮೊದಲನೆಯದು ಕೆಟ್ಟು ಎರಡನೆಯದು ಸರಿಯಿದ್ದರೆ ನಿಮ್ಮ ಹತ್ತಿರದ ಕೊಳವೆಯಲ್ಲಿ ಬಾಯಿ ಬಿಟ್ಟಿದೆ. ಎರಡೂ ಕೆಟ್ಟಿದ್ದರೆ ತೊಂದರೆ ದೊಡ್ಡದು, ಅಥವಾ ನೀರು ಬರುವ ದಾರಿಯಲ್ಲಿ ಇನ್ನೂ ಹಿಂದೆ ಎಲ್ಲೋ ಇದೆ. ಪರೀಕ್ಷೆಗೆ ಒಳ್ಳೆಯ ಕಾಲ ಮೊದಲ ಜೋರು ಮಳೆಯ ವಾರ, ಅಥವಾ ಶಟ್‌ಡೌನ್ ಮುಗಿದ ಮರುದಿನ.

ಪ್ರಯೋಗಶಾಲೆ ಯಾವುದು? ಬೇಲಾಪುರದ ಕೊಂಕಣ ಭವನದಲ್ಲಿ ಸರ್ಕಾರದ ಸಾರ್ವಜನಿಕ ಆರೋಗ್ಯ ಪ್ರಯೋಗಶಾಲೆ ಇದೆ. ಖಾಸಗಿಯದಾದರೆ ಎನ್‌ಎಬಿಎಲ್ ಮಾನ್ಯತೆ ಕೇಳಿ. ಮಾನ್ಯತೆ ಪ್ರಯೋಗಶಾಲೆಗಲ್ಲ, ಒಂದೊಂದು ಪರೀಕ್ಷೆಗೆ ಸಿಗುತ್ತದೆ. ಎನ್‌ಎಬಿಎಲ್ ಜಾಲತಾಣದಲ್ಲಿ ಕುಡಿಯುವ ನೀರಿನ ಜೀವಾಣು ಪರೀಕ್ಷೆ ಅವರ ಪಟ್ಟಿಯಲ್ಲಿದೆಯೇ ನೋಡಬೇಕು. ಫಿಲ್ಟರ್ ಕಂಪನಿಯವರು ಪುಕ್ಕಟೆ ಮಾಡಿಕೊಡುವ ಪರೀಕ್ಷೆಯನ್ನು ಇದರ ಜೊತೆ ಎಣಿಸಬೇಡಿ.

ದುಡ್ಡು ಯಾವ ಪರೀಕ್ಷೆಗೆ ಎಂಬುದು ನೀರಿನ ಮೂಲವನ್ನು ಅವಲಂಬಿಸಿದೆ. ಕಳವಾದ ನದಿನೀರಿಗೆ ಇ. ಕೋಲಿ, ಉಳಿಕೆ ಕ್ಲೋರಿನ್, ಕದಡು, ಇವು ಮುಖ್ಯ. ಊರಿನ ಮನೆ ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆ ಇದ್ದು ಬೋರ್‌ವೆಲ್ ನೀರಾದರೆ ಮೊದಲು ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಹಲ್ಲು, ಎಲುಬು ಎರಡನ್ನೂ ಕೆಡಿಸುತ್ತದೆ, ಕುದಿಸಿದರೆ ಫ್ಲೋರೈಡ್ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಉಡುಪಿ, ಮಂಗಳೂರು ಕಡೆಯ ಮುರಕಲ್ಲಿನ ಬಾವಿಯಾದರೆ ಶೌಚಗುಂಡಿ ಎಷ್ಟು ದೂರದಲ್ಲಿದೆ ಎಂದು ಅಳೆದು, ಜೀವಾಣು ಪರೀಕ್ಷೆ ಮಾಡಿಸಬೇಕು. ಹಳ್ಳಿಯ ಮನೆಗಳಿಗೆ ಜಲ ಜೀವನ ಮಿಷನ್ನಿನ ಅಡಿಯಲ್ಲಿ ಸರ್ಕಾರಿ ಪ್ರಯೋಗಶಾಲೆಗಳು ಕಡಿಮೆ ಶುಲ್ಕಕ್ಕೆ ಸಾರ್ವಜನಿಕರ ಮಾದರಿಯನ್ನೂ ತೆಗೆದುಕೊಳ್ಳುತ್ತವೆ.

ಕಾಗದ ಕೈಗೆ ಬಂದ ಮೇಲೆ

ಫಲಿತಾಂಶ ಕೆಟ್ಟು ಬಂದ ದಿನ ಮಾಡಬೇಕಾದ್ದು ನೀರು ಕುದಿಸುವುದು. ಗಳಗಳ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಬ್ಯಾಕ್ಟೀರಿಯಾ, ವೈರಸ್ ಎರಡೂ ಸಾಯುತ್ತವೆ. ಸೊಸೈಟಿಯ ಟಾಕಿಯನ್ನು ತೊಳೆಸಿದ ಮೇಲೆ ಮಹಾರಾಷ್ಟ್ರದಲ್ಲಿ ಟಿಸಿಎಲ್ ಎಂದು ಕರೆಯುವ ಬ್ಲೀಚಿಂಗ್ ಪುಡಿಯನ್ನು 1000 ಲೀಟರಿಗೆ ಸುಮಾರು 2.5 ಗ್ರಾಂ ಲೆಕ್ಕದಲ್ಲಿ, ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಹಾಕಿ, ಒಂದು ಗಂಟೆ ಬಿಟ್ಟು, ಕ್ಲೋರಿನ್ ಉಳಿದಿದೆಯೇ ಎಂದು ಕಿಟ್ಟಿನಲ್ಲಿ ನೋಡಬೇಕು. ಪುಡಿ ಹಳೆಯದಾದರೆ ಬಲ ಕಳೆದುಕೊಂಡಿರುತ್ತದೆ. ಈ ಕೊನೆಯ ನೋಟ ಬಿಟ್ಟರೆ ಮೊದಲಿನ ಶ್ರಮ ವ್ಯರ್ಥವಾದೀತು.

ಪಾಲಿಕೆಗೆ ದೂರು ಕೊಡುವಾಗ ‘ನೀರು ಚೆನ್ನಾಗಿಲ್ಲ’ ಎಂದರೆ ನೌಕರರು ಬಂದು, ನಳ ಹರಿಯಬಿಟ್ಟು, ಓಟಿ ಟೆಸ್ಟ್ ಮಾಡಿ, ಹಳದಿ ಕಂಡು ಹೋಗುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಅವರು ಬಂದ ಹೊತ್ತಿನಲ್ಲಿ ನೀರು ಸರಿಯಾಗಿಯೇ ಇರುತ್ತದೆ. ಎರಡು ಬಾಟಲಿಗಳ ಫಲಿತಾಂಶ, ಮೂರು ಜಾಗದ ಕ್ಲೋರಿನ್, ದಿನಾಂಕ, ಗಂಟೆ, ನೀರು ಬಂದು ಎಷ್ಟು ನಿಮಿಷಕ್ಕೆ ಹಿಡಿದದ್ದು, ಇಷ್ಟನ್ನು ಬರೆದು ಕಳವಾ ಪ್ರಭಾಗ (ವಾರ್ಡು) ಸಮಿತಿಯ ನೀರುಪೂರೈಕೆ ವಿಭಾಗಕ್ಕೆ ಕೊಟ್ಟು ಸಹಿ ಹಾಕಿಸಿಕೊಂಡರೆ, ಯಾವ ತುಂಡು ಕೊಳವೆಯನ್ನು ಅಗೆಯಬೇಕೆಂದು ಅವರಿಗೂ ಗೊತ್ತಾಗುತ್ತದೆ. ವರ್ಷದ ವರದಿಯಲ್ಲಿ ಇಡೀ ಪಾಲಿಕೆಯ ಒಟ್ಟು ಲೆಕ್ಕವಷ್ಟೇ ಸಿಕ್ಕಿದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ‘ಜನ ಮಾಹಿತಿ ಅಧಿಕಾರಿ’ಯವರಿಗೆ ಅರ್ಜಿ ಕೊಡಬಹುದು, ಉತ್ತರಕ್ಕೆ 30 ದಿನ ಗಡುವು. ನಮ್ಮ ಪ್ರಭಾಗದಲ್ಲಿ ಕಳೆದ ವರ್ಷ ಮಾದರಿ ತೆಗೆದ ಪ್ರತಿ ಜಾಗದ ವಿಳಾಸ, ದಿನಾಂಕ, ಗಂಟೆ, ಉಳಿಕೆ ಕ್ಲೋರಿನ್, ಜೀವಾಣು ಫಲಿತಾಂಶ, ಅಯೋಗ್ಯವೆಂದು ಬಂದ ಕಡೆ ಏನು ದುರಸ್ತಿ ಮಾಡಿ ಯಾವಾಗ ಮತ್ತೆ ಪರೀಕ್ಷಿಸಿದಿರಿ, ಇವನ್ನು ಕೇಳಬೇಕು. ಅಕ್ಕಪಕ್ಕದ ನಾಲ್ಕು ಸೊಸೈಟಿಗಳು ಸೇರಿ ಕೇಳಿದರೆ, ಅಯೋಗ್ಯ ಮಾದರಿಗಳನ್ನು ಬೀದಿಯ ನಕಾಶೆಯ ಮೇಲೆ ಗುರುತು ಹಾಕಿ ನೋಡಬಹುದು. ಗುರುತುಗಳು ಒಂದೇ ಗಟಾರದ ಉದ್ದಕ್ಕೂ ಸಾಲಾಗಿ ಬಿದ್ದರೆ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಅಲ್ಲಿಂದಲೇ ಹುಡುಕಲು ತೊಡಗಬಹುದು.